ಹೊತ್ತಿಗೆ ಮುಂಚೆ ಬಂದ ಕಲ್ಲು

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೂ ಐದಕ್ಕೆ ಏಳುತ್ತೇನೆ, ಆರಕ್ಕೆ ನಡೆಯಲು ಹೋಗುತ್ತೇನೆ, ಏಳೂವರೆಗೆ ತಿಂಡಿ. ಹೀಗೆ ಬದುಕುವವರಿಗೆ ಸುಸ್ತೇ ಆಗುವುದಿಲ್ಲ ಎಂದು ಜನ ತಿಳಿದಿದ್ದಾರೆ. ಆಗುತ್ತದೆ. ಏಳುವುದು ಮಾತ್ರ ತಪ್ಪುವುದಿಲ್ಲ.

ನನ್ನನ್ನು ಆಕಾಶದ ಕೆಲಸಕ್ಕೆ ಎಳೆದವರು ನಮ್ಮ ಶಾಲೆಯಲ್ಲೇ ಇದ್ದ ವಿಜ್ಞಾನದ ಮೇಷ್ಟ್ರು. ಈಗ ಹುಣಸೂರಿನಲ್ಲಿದ್ದಾರೆ. ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಲಕ್ಷಾಂತರ ಕಲ್ಲುಗಳಲ್ಲಿ ಒಂದರ ಮೇಲೆ ಅವರಿಗೆ ಹಲವು ವರ್ಷದ ಆಸೆ. ಆ ಕ್ಷುದ್ರಗ್ರಹ ಎಂಥ ದೊಡ್ಡ ದೂರದರ್ಶಕದಲ್ಲೂ ಬರೀ ಚುಕ್ಕೆ. ಉರುಟಾಗಿದೆಯೋ, ಶುಂಠಿಯಂತೆ ಗಂಟುಗಂಟಾಗಿದೆಯೋ ಯಾರಿಗೂ ಗೊತ್ತಿಲ್ಲ. ತಿಳಿಯಲು ಒಂದೇ ಉಪಾಯ. ಅದು ಯಾವುದಾದರೂ ನಕ್ಷತ್ರದ ಮುಂದೆ ಹಾಯುವಾಗ ನಕ್ಷತ್ರ ಕೆಲವು ಸೆಕೆಂಡು ಮರೆಯಾಗುತ್ತದೆ. ಆಗ ಅದರ ನೆರಳು ನಮ್ಮ ನೆಲದ ಮೇಲೆ ಓಡುತ್ತದೆ. ನೆರಳಿನ ಅಗಲವೇ ಕಲ್ಲಿನ ಅಗಲ. ಬೇರೆಬೇರೆ ಊರುಗಳಲ್ಲಿ ನಿಂತವರು ಮರೆಯಾದ ಹೊತ್ತು, ಮರಳಿದ ಹೊತ್ತು ಬರೆದುಕೊಂಡರೆ ಒಬ್ಬೊಬ್ಬರಿಂದ ಒಂದೊಂದು ಗೆರೆ ಸಿಗುತ್ತದೆ. ಗೆರೆಗಳನ್ನು ಜೋಡಿಸಿದರೆ ಕಲ್ಲಿನ ಆಕಾರ. ಲೆಕ್ಕ ಹಾಕಿದ್ದಕ್ಕಿಂತ ಎಷ್ಟು ಬೇಗ ಅಥವಾ ತಡವಾಗಿ ಬಂತು ಎಂಬುದರಿಂದ ಅದರ ಕಕ್ಷೆಯನ್ನೂ ತಿದ್ದಬಹುದು.

ಆ ನೆರಳು ಈ ಚಳಿಗಾಲದಲ್ಲಿ ನಮ್ಮ ತಾಲ್ಲೂಕುಗಳ ಮೇಲೇ ಹಾಯುವುದಿತ್ತು. ಮೇಷ್ಟ್ರಿಗೆ ಗ್ಲಾಕೋಮಾ. ಒಂದು ಕಣ್ಣು ಹೋಗಿದೆ, ಇನ್ನೊಂದೂ ಕಿರಿದಾಗುತ್ತಿದೆ. ಇನ್ನೊಮ್ಮೆ ಬರುವ ಹೊತ್ತಿಗೆ ಆ ಆಕಾರವನ್ನು ಕಾಗದದ ಮೇಲೆ ನೋಡಲೂ ತಮ್ಮಿಂದ ಆಗದು ಎಂದು ಅವರೇ ಹೇಳಿದ್ದರು. ಹುಣಸೂರಿನಲ್ಲಿ ಅವರ ಸ್ನೇಹಿತರೊಬ್ಬರು ಕ್ಯಾಮೆರಾ ಹಿಡಿದು ಕೂರುವುದು, ಕೆ.ಆರ್. ನಗರದಲ್ಲಿ ಒಬ್ಬರು, ಎಚ್.ಡಿ. ಕೋಟೆಯಲ್ಲಿ ಒಬ್ಬರು, ಪಿರಿಯಾಪಟ್ಟಣದಲ್ಲಿ ನಾನು. ನನ್ನ ದೂರದರ್ಶಕಕ್ಕೆ ಕ್ಯಾಮೆರಾ ಇರಲಿಲ್ಲ.

"ಮೊಬೈಲಿನಲ್ಲಿ ರೆಕಾರ್ಡಿಂಗ್ ಇಟ್ಕೊಳ್ಳಿ ಮೇಡಂ. ಹೋಯ್ತು, ಬಂತು ಅಂತ ಬಾಯಲ್ಲಿ ಹೇಳಿದ್ರೂ ಸಾಕು," ಎಂದರು.

"ಜಿಲ್ಲಾ ಮಟ್ಟದ ಓಟಕ್ಕೆ ಟೈಮ್ ಹಿಡಿದವಳು ಸಾರ್ ನಾನು. ಸ್ಟಾಪ್‌ವಾಚ್ ಸಾಕು."

"ನೆರಳು ಬರೋದು ಲೆಕ್ಕಕ್ಕಿಂತ ಹತ್ತು ಸೆಕೆಂಡು ಹಿಂದೆ ಮುಂದೆ ಆಗಬಹುದು, ನೆನಪಿರಲಿ."

ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಊರಾಚೆ ನನ್ನ ಹಳೆಯ ವಿದ್ಯಾರ್ಥಿನಿಯ ಮನೆ. ತಂಬಾಕು ಬೆಳೆಯುವವರು. ಅವಳ ತಾರಸಿಯ ಮೇಲೆ ಸಂಜೆ ಆರಕ್ಕೇ ದೂರದರ್ಶಕ ನಿಲ್ಲಿಸಿದೆ. ಒಂದು ಕಾಲಕ್ಕೆ ನಾನೂರು ಮೀಟರ್ ಓಡುತ್ತಿದ್ದವಳು, ಈಗ ಸೊಂಟಕ್ಕೆ ಕೈ ಕೊಟ್ಟು ಮೆಟ್ಟಿಲು ಹತ್ತಿ ಬಂದಳು.

"ಏನ್ ಮೇಡಂ, ಆಕಾಸ್ದಲ್ಲೂ ಓಟ ಮಾಡುಸ್ತೀರಾ?"

"ಸುಮ್ನಿರೇ. ಕೆಳಗಿನ ಲೈಟ್ ಆರಿಸು."

"ಆರ್ಸಿ ಆಯ್ತು ಬುಡಿ. ನೀವ್ ಯೋಳುದ್ರೆ ಉಸ್ರೂ ಬುಡಾಕಿಲ್ಲ ನಾನು."

ಏಳು ಗಂಟೆ ದಾಟಿತ್ತು. ಆಕಾಶ ತೊಳೆದಿಟ್ಟಂತಿತ್ತು. ನಕ್ಷತ್ರ ಸಿಕ್ಕಿತು. ಮೊಬೈಲಿನ ಗಡಿಯಾರ ನೋಡಿ ಕಣ್ಣನ್ನು ದೂರದರ್ಶಕಕ್ಕೆ ಇಟ್ಟೆ. ಹೇಳಿದ ಹೊತ್ತಿಗೆ ಇನ್ನೂ ಅರ್ಧ ನಿಮಿಷ. ಹೆಬ್ಬೆರಳು ಸ್ಟಾಪ್‌ವಾಚಿನ ಗುಂಡಿಯ ಮೇಲೆ. ಮನಸ್ಸಿನಲ್ಲೇ ಸೆಕೆಂಡು ಎಣಿಸುತ್ತಿದ್ದೆ.

ನನ್ನ ಎಣಿಕೆ ಮುಗಿಯುವ ಮುಂಚೆಯೇ ನಕ್ಷತ್ರ ಹೋಯಿತು. ಬೆರಳು ತಾನಾಗಿ ಗುಂಡಿ ಒತ್ತಿತು. ಮರುಕ್ಷಣವೇ, ಇಷ್ಟು ವರ್ಷ ಮೈದಾನದಲ್ಲಿ ಮಾಡಿದ್ದನ್ನೇ ಮಾಡಿದೆ. ಸಿಗ್ನಲ್‌ಗೆ ಮುಂಚೆ ಓಡಿದರೆ ಫಾಲ್ಸ್ ಸ್ಟಾರ್ಟ್. ಗಡಿಯಾರವನ್ನು ಸೊನ್ನೆಗೆ ತಂದೆ. ವಿಸಿಲ್ ಇದ್ದಿದ್ದರೆ ಊದಿಯೂ ಬಿಡುತ್ತಿದ್ದೆನೇನೋ. ನಿಜವಾದ ಓಟಕ್ಕೆ ಬೆರಳನ್ನು ಮತ್ತೆ ಸಿದ್ಧ ಮಾಡಿಕೊಂಡು ಕಾದೆ. ಏನಾಯಿತೆಂದು ತಿಳಿಯುವಷ್ಟರಲ್ಲಿ ನಕ್ಷತ್ರ ಮರಳಿ ತನ್ನ ಜಾಗದಲ್ಲಿತ್ತು.

"ಓಯ್ತಾ ಮೇಡಂ?"

"ಹೋಯ್ತು. ಬಂತು."

"ಮತ್ಯಾಕಿಂಗೆ ಕುಂತ್ಬುಟ್ರಿ?"

ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಅವಳು ಕಾಫಿ ತರಲು ಇಳಿದು ಹೋದಳು. ಅಷ್ಟರಲ್ಲಿ ಮೇಷ್ಟ್ರ ಫೋನು.

"ಇಲ್ಲಿ ಮೋಡ ಮೇಡಂ. ಕೆ.ಆರ್. ನಗರದಲ್ಲೂ ಮೋಡವಂತೆ. ಕೋಟೆಯವರಿಗೆ ಆಕಾಶ ಚೆನ್ನಾಗಿತ್ತು, ಆದರೆ ನಕ್ಷತ್ರ ಮರೆಯಾಗೇ ಇಲ್ಲ. ನೆರಳು ಅಷ್ಟು ದೂರ ಹೋಗಿಲ್ಲ. ಉಳಿದಿರೋದು ನೀವೊಬ್ರೇ. ಹೇಳಿ, ಪೆನ್ನು ಹಿಡಿದಿದ್ದೀನಿ."

"ಹೋಗಿ ಬಂತು ಸಾರ್. ಟೈಮ್ ಇಲ್ಲ."

"ಇಲ್ಲ ಅಂದ್ರೆ?"

"ಮುಂಚೆ ಹೋಯ್ತು. ಫಾಲ್ಸ್ ಸ್ಟಾರ್ಟ್ ಅಂದ್ಕೊಂಡು ಸೊನ್ನೆ ಮಾಡ್ಬಿಟ್ಟೆ."

ಆ ಕಡೆ ಪೆನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

"ಅಂದ್ರೆ, ಕಲ್ಲನ್ನ ವಾಪಸ್ ಲೈನಿಗೆ ಕರೆದ್ರಿ."

"ಹೌದು ಸಾರ್."

ಅವರು ನಕ್ಕರು. ನಗು ಬೇಗ ಮುಗಿಯಿತು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಅಂದಾಜಿಗೆ ಎಷ್ಟು ಸೆಕೆಂಡು ಮರೆಯಾಗಿರಬಹುದು? ಐದು? ಆರು?"

ಆರು ಎಂದಿದ್ದರೆ ಅವರಿಗೆ ಒಂದು ಗೆರೆ ಸಿಗುತ್ತಿತ್ತು. ಯಾರೂ ಪರೀಕ್ಷಿಸಲಾರರು. ಅವರೇ ಕೇಳುತ್ತಿದ್ದರು. ಇಡೀ ಜೀವನ ಗಡಿಯಾರದಲ್ಲಿ ಕಂಡದ್ದನ್ನೇ ಬರೆದವಳಿಗೆ ಆ ಒಂದು ಕ್ಷಣ ಬಹಳ ಭಾರವಾಯಿತು.

"ಅಂದಾಜು ಬೇಡ ಸಾರ್."

"ಬೇಡ," ಎಂದರು. "ನಾನು ಕೇಳಬಾರದಿತ್ತು."

ಮರುದಿನ ಬಸ್ಸು ಹಿಡಿದು ಹುಣಸೂರಿಗೆ ಹೋದೆ. ವರದಿಯ ನಮೂನೆಯನ್ನು ಅವರ ಮುಂದೆಯೇ ತುಂಬಬೇಕೆನಿಸಿತ್ತು. ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹರಡಿತ್ತು, ನಾಲ್ಕು ಊರುಗಳಿಗೆ ನಾಲ್ಕು ಚುಕ್ಕೆ, ಗೆರೆಗಳಿಗೆಂದು ಬಿಟ್ಟ ಜಾಗ ಖಾಲಿ. ಕೋಟೆಗೂ ಪಿರಿಯಾಪಟ್ಟಣಕ್ಕೂ ನಡುವೆ ಎಲ್ಲೋ ಕಲ್ಲಿನ ಅಂಚು ಇದೆ. ಆಕಾರದ ಬಗ್ಗೆ ತಿಳಿದದ್ದು ಅಷ್ಟೇ. ಮೇಷ್ಟ್ರು ಹಾಳೆಯನ್ನು ಮುಖದ ಹತ್ತಿರ ತಂದು, ಉಳಿದ ಕಣ್ಣನ್ನು ಖಾಲಿ ಜಾಗದ ಮೇಲೆ ನಿಧಾನವಾಗಿ ಆಡಿಸಿದರು. ನಾನು ಕ್ಷಮೆ ಕೇಳಿದೆ. ಅವರು ತಲೆಯಾಡಿಸಿದರು. ಪರವಾಗಿಲ್ಲ ಎನ್ನಲಿಲ್ಲ. ಅದು ನನಗೆ ಒಳ್ಳೆಯದೇ ಅನಿಸಿತು.

"ಒಂದು ಮಾತ್ರ ಹೇಳಿ. ಮುಂಚೆ ಹೋಯ್ತು ಅನ್ನೋದು ಖಂಡಿತಾನಾ?"

"ಖಂಡಿತ ಸಾರ್. ಅದಕ್ಕೇ ತಾನೇ ತಪ್ಪಿದ್ದು?"

"ಹಾಗಾದ್ರೆ ಕಲ್ಲು ತನ್ನ ಕಕ್ಷೇಲಿ ನಾವು ತಿಳಿದಿದ್ದಕ್ಕಿಂತ ಸ್ವಲ್ಪ ಮುಂದಿದೆ. ಷರಾ ಕಾಲಂನಲ್ಲಿ ಅದನ್ನ ಬರೀರಿ. ದಪ್ಪಗೆ ಬರೀರಿ, ನನಗೆ ಓದೋಕಾಗಬೇಕು."

ನಾನು ಬರೆದೆ. ಅವರು ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓದಿದರು.