ಈಜುಕೊಳದ ನಾಯಕ, ಕಂಬಿ ಮನೆಯ ಖಳನಾಯಕ

ನಾನು ಬರೆಯದ, ನಾನು ಒಪ್ಪದ, ನಾನು ಎದುರಿಗೇ ಕುಳಿತು ತಪ್ಪು ತೋರಿಸಿಕೊಟ್ಟ ಒಂದು ಕಥೆಯ ಕೊನೆಯಲ್ಲಿ ‘ಕಥಾ ಸಲಹೆ’ ಎಂದು ನನ್ನ ಹೆಸರು ಹಾಕಿದ್ದಾರೆ. ಹಾಕುವ ಮುನ್ನ ಕೇಳಲಿಲ್ಲ. ಹಾಕಿದ ಮೇಲೆ ತಿಳಿಸಲೂ ಇಲ್ಲ.

ಅನ್ಯಾಯ ಇಷ್ಟೇ ಆಗಿದ್ದರೆ ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿರುತ್ತಿದ್ದೆ. (ಮರೆಯುತ್ತಿದ್ದೆ ಎಂದು ಹೇಳುತ್ತಿಲ್ಲ. ಇದೇ ಪತ್ರಿಕೆಯಲ್ಲಿ ಒಮ್ಮೆ ನನ್ನ ಇನಿಶಿಯಲ್ ತಪ್ಪಾಗಿ ಅಚ್ಚಾಗಿತ್ತು. ಅದನ್ನೂ ಮರೆತಿಲ್ಲ.) ಆದರೆ ಆ ಕಥೆಯ ದೆಸೆಯಿಂದ, ಕುಲಶೇಖರದಲ್ಲಿ ನಮ್ಮ ಹಿಂದಿನ ರಸ್ತೆಯಲ್ಲಿರುವ ಹಸನಬ್ಬ ನನ್ನೊಡನೆ ಚಹಾ ಕುಡಿಯುವುದನ್ನು ಬಿಟ್ಟಿದ್ದಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲು ನನ್ನಿಂದ ಸಾಧ್ಯವಿಲ್ಲ.

ಕಥೆ ಪುಸ್ತಕದ್ದಲ್ಲ, ಸಿನಿಮಾದ್ದೂ ಅಲ್ಲ. ಮೊಬೈಲಿನಲ್ಲಿ ಆಡುವ ಕ್ರೈಮ್ ಗೇಮಿನದು. ನನ್ನ ತಂಗಿಯ ಮಗಳು ಪ್ರಣತಿ ಮತ್ತು ಅವಳೊಡನೆ ಇಂಜಿನಿಯರಿಂಗ್ ಓದಿದ ಮೂವರು ಕಂಕನಾಡಿಯಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಕುಳಿತು ಅದನ್ನು ತಯಾರಿಸಿದ್ದಾರೆ. ಎಲ್ಲವೂ ನಡೆಯುವುದು ಮಂಗಳೂರಿನಲ್ಲೇ. ಊರಿನ ಮಕ್ಕಳು ಊರಿನ ಗೇಮ್ ಮಾಡುತ್ತಾರೆಂದರೆ ಯಾರಿಗೆ ಹೆಮ್ಮೆಯಾಗದು? “ಡೈಲಾಗಿನ ಕನ್ನಡ ಒಮ್ಮೆ ನೋಡಿಕೊಡಿ ಮಾವ” ಎಂದು ಕರೆದಳು. ಹೋದೆ. ಕೆಳಗಿನಿಂದ ಬಿಸಿ ಬಿಸಿ ಪಫ್ಸ್ ತರಿಸಿದರು. ಕನ್ನಡ ತಿದ್ದಿಕೊಟ್ಟೆ.

ಕನ್ನಡಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಾನು ಜೀವಮಾನವಿಡೀ ವಿಮಾ ಸರ್ವೇಯರ್ ಆಗಿದ್ದವನು. ಜಜ್ಜಿದ ಕಾರುಗಳ ಪಕ್ಕದಲ್ಲಿ, ಸುಟ್ಟ ಗೋದಾಮುಗಳ ಎದುರಿನಲ್ಲಿ ನಿಂತು ಜನ ಹೇಳಿದ ಕಥೆಗಳನ್ನು ಕೇಳಿದವನು. ಕಥೆಯಲ್ಲಿ ತೂತು ಕಂಡರೆ ಅದನ್ನು ದಾಟಿ ಮುಂದಿನ ವಾಕ್ಯಕ್ಕೆ ಹೋಗುವುದು ನನಗೆ ಆಗುವುದಿಲ್ಲ.

ನಾಯಕನ ಹೆಸರು ಧನು. ಬೈಕಂಪಾಡಿಯ ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಮೊದಲ ಅಧ್ಯಾಯದಲ್ಲಿ ಅವನಿಗೊಂದು ಬಾಡಿಗೆ ಕೋಣೆ, ಸೋರುವ ನಲ್ಲಿ, ಮಲಗಲು ಚಾಪೆ. ಒಪ್ಪೋಣ. ಆಮೇಲೆ ಯಾರದೋ ಬೈಕು ಕದಿಯುತ್ತಾನೆ, ಇಬ್ಬರಿಗೆ ಹೊಡೆಯುತ್ತಾನೆ. ಅದನ್ನೂ ಒಪ್ಪೋಣ. ಎರಡನೆಯ ಅಧ್ಯಾಯ ತೆರೆದರೆ ಸಮುದ್ರಕ್ಕೆ ಮುಖ ಮಾಡಿದ ಬಂಗಲೆ, ಅಂಗಳದಲ್ಲಿ ಈಜುಕೊಳ, ಶೆಡ್ಡಿನಲ್ಲಿ ಮೂರು ಕಾರು!

“ಇದೆಲ್ಲ ಎಲ್ಲಿಂದ ಬಂತು?” ಎಂದೆ.

“ಅನ್‌ಲಾಕ್ ಆಯ್ತು ಮಾವ.”

“ಅನ್‌ಲಾಕ್ ಮಾಡಿದ್ದು ಯಾರು? ಬ್ಯಾಂಕಿನವರಾ?”

“ಅಯ್ಯೋ, ಲೆವೆಲ್ ಮುಗಿದ್ರೆ ಸಿಗ್ತದೆ. ಎಲ್ಲ ಗೇಮಲ್ಲೂ ಹಾಗೇ.”

ಎಲ್ಲ ಗೇಮಿನಲ್ಲೂ ಹಾಗೇ ಇದ್ದರೆ ಎಲ್ಲ ಗೇಮೂ ತಪ್ಪು. ಕದ್ದ ಬೈಕೊಂದನ್ನು ಮಾರಿದ ಹಣದಲ್ಲಿ ಈ ಊರಿನಲ್ಲಿ ಕಾಂಪೌಂಡ್ ಗೋಡೆ ಕಟ್ಟಿಸಲೂ ಆಗದು. ಜಾಗ ಯಾರ ಹೆಸರಿನಲ್ಲಿತ್ತು? ಕಡಲ ಬದಿಯಲ್ಲಿ ಕಟ್ಟಲು ಪರವಾನಗಿ ಕೊಟ್ಟವರು ಯಾರು? ಕಲ್ಲು ಹೊತ್ತ ಲಾರಿ ಯಾವ ದಾರಿಯಲ್ಲಿ ಬಂತು? ಯಾವುದಕ್ಕೂ ಉತ್ತರವಿಲ್ಲ. ಅನ್‌ಲಾಕ್ ಆಯಿತಂತೆ!

ಮುಂದೆ ಕೇಳಿ. ಧನುವಿನ ಕಾರು ಪಣಂಬೂರಿನಲ್ಲಿ ಸಮುದ್ರಕ್ಕೆ ಬೀಳುತ್ತದೆ. ಮರುದಿನ ಅದೇ ಕಾರು ಶೆಡ್ಡಿನಲ್ಲಿ ಪಾಲಿಶ್ ಆಗಿ ನಿಂತಿರುತ್ತದೆ. ಉಪ್ಪುನೀರು ಕುಡಿದ ಇಂಜಿನ್ನನ್ನು ಈ ಮಕ್ಕಳು ಕಂಡಿದ್ದಾರೆಯೇ? ನಾನು ಕಂಡಿದ್ದೇನೆ. ಅದನ್ನು ಬಿಡಿಸಿ ನೋಡಿದ ಮೆಕ್ಯಾನಿಕ್ ಕೈ ಒರೆಸಿಕೊಂಡು ಸ್ಪಾನರ್ ಪೆಟ್ಟಿಗೆ ಮುಚ್ಚುತ್ತಾನೆ. ನಾಲ್ಕನೆಯ ಅಧ್ಯಾಯದಲ್ಲಿ ಧನುವಿಗೆ ಗುಂಡು ತಗಲುತ್ತದೆ, ತೆರೆ ಕಪ್ಪಾಗುತ್ತದೆ, ಮರುಕ್ಷಣ ಆಸ್ಪತ್ರೆಯ ಗೇಟಿನಿಂದ ಕೈ ಬೀಸಿಕೊಂಡು ಹೊರಬರುತ್ತಾನೆ. ಗುಂಡೇಟಿನ ರೋಗಿಯನ್ನು ಪೊಲೀಸರಿಗೆ ತಿಳಿಸದೆ ಕಳುಹಿಸುವ ಆಸ್ಪತ್ರೆ ಯಾವುದು? ಬಿಲ್ ಕಟ್ಟಿದವರು ಯಾರು?

“ಕ್ಯಾಶ್‌ಲೆಸ್ ಅಂತ ಇಟ್ಕೊಳ್ಳಿ ಅಂಕಲ್” ಎಂದ ಆ ಮೂವರಲ್ಲಿ ಒಬ್ಬ. ಎಲ್ಲರೂ ನಕ್ಕರು. (ನಕ್ಕವರು ಯಾರ್‍ಯಾರೆಂದು ನನಗೆ ನೆನಪಿದೆ.)

ಮೂರನೆಯ ಅಧ್ಯಾಯದಲ್ಲಿ ನೇತ್ರಾವತಿಯಲ್ಲಿ ಮುಳುಗಿ ಸತ್ತ ಒಬ್ಬ ಡ್ರೈವರ್ ಐದನೆಯದರಲ್ಲಿ ಫೋನ್ ಮಾಡಿ ಧನುವಿಗೆ ದಾರಿ ಹೇಳುತ್ತಾನೆ. ಕೇಳಿದರೆ, ಅವನ ದನಿ ಮೊದಲೇ ರೆಕಾರ್ಡ್ ಆಗಿತ್ತಂತೆ, ವೇಸ್ಟ್ ಮಾಡಬಾರದಂತೆ. ಸತ್ತವನನ್ನು ಬದುಕಿಸಲು ಇದೊಂದು ಕಾರಣವೇ?

ಟೀಕೆ ಮಾಡುವವನು ದಾರಿಯನ್ನೂ ತೋರಿಸಬೇಕು ಎಂದು ನಂಬಿದವನು ನಾನು. ಆದ್ದರಿಂದ ಪ್ರಣತಿಗೆ ಹೇಳಿದೆ: “ಮನುಷ್ಯನ ಕೈಗೆ ಹಣ ಬಂದರೆ ಹೇಗೆ ಕಾಣುತ್ತದೆಂದು ತಿಳಿಯಬೇಕೇ? ಕುಲಶೇಖರಕ್ಕೆ ಬಾ, ಒಂದು ಮನೆ ತೋರಿಸುತ್ತೇನೆ. ಮಗ ಗಲ್ಫಿನಿಂದ ರಜೆಗೆ ಬಂದಾಗೊಮ್ಮೆ ಒಂದು ಕೋಣೆ. ಒಂದು ರಜೆಗೆ ಸ್ಲ್ಯಾಬ್, ಇನ್ನೊಂದಕ್ಕೆ ಟೈಲ್ಸ್. ಟೆರೇಸಿನ ಮೇಲೆ ಮುಂದಿನ ರಜೆಗಾಗಿ ಕಂಬಿಗಳು ನಿಂತಿರುತ್ತವೆ. ತುಕ್ಕು ಹಿಡಿಯಬಾರದೆಂದು ಅವುಗಳ ತಲೆಗೆ ಪ್ಲಾಸ್ಟಿಕ್ ಬಾಟ್ಲಿ ಕವುಚಿರುತ್ತಾರೆ. ಆ ಮನೆಯ ದುಡ್ಡು ಎಲ್ಲಿಂದ ಬಂತೆಂದು ಯಾರನ್ನೂ ಕೇಳಬೇಕಾಗಿಲ್ಲ, ರಸ್ತೆಯಲ್ಲಿ ನಿಂತರೆ ಕಾಣುತ್ತದೆ. ಅಂಥದ್ದೊಂದು ಮನೆ ಕೊಡಿ ನಿಮ್ಮ ಧನುವಿಗೆ.”

“ವಾವ್ ಮಾವ, ಎಂಥಾ ಡೀಟೇಲ್!” ಎಂದಳು. ಒಂದು ಸಂಜೆ ಬಂದು ರಸ್ತೆಯಿಂದಲೇ ಫೋಟೋ ತೆಗೆದುಕೊಂಡು ಹೋದಳು. ಕೊನೆಗೂ ಒಬ್ಬರು ನನ್ನ ಮಾತು ಕೇಳಿದರಲ್ಲ ಎಂದು ಸಂತೋಷಪಟ್ಟೆ.

ಗೇಮ್ ಬಿಡುಗಡೆಯಾಯಿತು. ನಾನು ಡೌನ್‌ಲೋಡ್ ಮಾಡುವ ಗೋಜಿಗೆ ಹೋಗಲಿಲ್ಲ. ಆದರೆ ಆ ವಾರದಿಂದ ಹಸನಬ್ಬ ನಮ್ಮ ಸಂಜೆಯ ಚಹಾದ ಹೋಟೆಲಿಗೆ ಬರುವುದು ನಿಂತಿತು. ಪಡೀಲಿನಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ; ಈಗ ಕಿರಿಯ ಮಗ ನೋಡಿಕೊಳ್ಳುತ್ತಾನೆ. ಹಿರಿಯವ ಸಲೀಂ ಗಲ್ಫಿನ ದಮ್ಮಾಮಿನಲ್ಲಿದ್ದಾನೆ. ಸಂಜೆ ನಮಾಜು ಮುಗಿಸಿ ಅವರು ಬರುವುದು, ಒಂದು ಪ್ಲೇಟ್ ಗೋಳಿಬಜೆಯನ್ನು ನಾವಿಬ್ಬರೂ ಹಂಚಿಕೊಳ್ಳುವುದು, ಊರಿನ ರಸ್ತೆಗಳನ್ನು ಒಟ್ಟಿಗೆ ಬೈಯುವುದು ನಮ್ಮಿಬ್ಬರ ತಲೆಯೂ ಕಪ್ಪಾಗಿದ್ದ ಕಾಲದಿಂದ ನಡೆದು ಬಂದದ್ದು. ಜ್ವರವಿರಬಹುದೆಂದು ಮನೆಗೇ ಹೋದೆ.

“ಬನ್ನಿ ಭಟ್ರೇ” ಎಂದರು ಜಗಲಿಯಿಂದಲೇ. (ನಾವು ಮಾತಾಡುವುದು ತುಳುವಿನಲ್ಲಿ. ಓದುಗರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) “ಕೂತ್ಕೊಳ್ಳಿ. ಅಲ್ಲ, ಮೊದಲು ಮೇಲೆ ಹೋಗಿ ಟ್ಯಾಂಕ್ ನೋಡಿ ಬರ್ತೀರಾ?”

“ಯಾವ ಟ್ಯಾಂಕ್?”

“ನೀರಿನ ಟ್ಯಾಂಕ್. ಅದರೊಳಗೆ ಚಿನ್ನ ಉಂಟಂತಲ್ಲ! ಇಷ್ಟು ವರ್ಷ ಅದೇ ನೀರಲ್ಲಿ ಮಿಂದದ್ದು ನಾನು, ಒಂದು ಗ್ರಾಮೂ ಮೈಗೆ ಹತ್ತಲಿಲ್ಲ ಮಾರಾಯ್ರೆ.”

ನನಗೆ ಅರ್ಥವಾಗಲಿಲ್ಲ. ಸೊಸೆಯಿಂದ ಮೊಬೈಲ್ ತರಿಸಿ ತೋರಿಸಿದರು. ತೆರೆಯ ಮೇಲೆ ಅವರದೇ ಮನೆ. ಹಸಿರು ಗೇಟು, ಹೊರಗಿನಿಂದ ಹತ್ತುವ ಮೆಟ್ಟಿಲು, ಟೆರೇಸಿನ ಮೇಲೆ ಬಾಟ್ಲಿ ಕವುಚಿದ ಕಂಬಿಗಳು. ಧನುವಿನ ಮನೆಯಲ್ಲ ಅದು, ಖಳನಾಯಕನದು. ಅವನ ಹೆಸರು ಗಲ್ಫ್ ಹಾಜಿ. ಆಡುವವನು ಗೇಟು ಹಾರಿ, ಮೆಟ್ಟಿಲು ಹತ್ತಿ, ಟ್ಯಾಂಕ್ ಒಡೆಯಬೇಕು. ಚಿನ್ನದ ಬಿಸ್ಕತ್ತುಗಳು ಉದುರುತ್ತವೆ. ಈ ಹಾಜಿಯ ಹಣದ ಮೂಲ ಮಾತ್ರ ಬಹಳ ವಿವರವಾಗಿದೆ! ಯಾವ ವಿಮಾನ, ಯಾವ ಬ್ಯಾಗು, ಯಾರಿಗೆ ಲಂಚ, ಒಂದೂ ಬಿಟ್ಟಿಲ್ಲ. ಎಲ್ಲಿಯೂ ತೂತಿಲ್ಲ.

“ಕೊನೆಗೆ ಹೆಸರುಗಳೆಲ್ಲ ಬಂತು. ಕನ್ನಡಕ ಹಾಕ್ಕೊಂಡು ಓದಿದೆ. ಕಥಾ ಸಲಹೆ” ಎಂದರು ಹಸನಬ್ಬ.

“ನಾನು ಹೀಗೆ ಮಾಡಿ ಅಂತ ಹೇಳಿಲ್ಲ ಹಸನಬ್ಬ.”

“ಕಂಬಿಗೆ ಬಾಟ್ಲಿ ಕವುಚಿದ್ದು ಹೇಳಿದ್ದು ಯಾರು?”

“ಅದು ನಾನೇ.”

“ಹಾಂ.”

ಮೊಬೈಲನ್ನು ಸೊಸೆಗೆ ಹಿಂದೆ ಕೊಟ್ಟರು. ಆಮೇಲೆ ಅವರೇ ಹೇಳಿದರು. “ಸಲೀಂ ಫೋನ್ ಮಾಡಿದ್ದ. ಅಲ್ಲಿ ಅವನ ರೂಮಿನವರೆಲ್ಲ ಆಡ್ತಾರಂತೆ, ಊರು ಕಾಣ್ತದೆ ಅಂತ. ಪಡೀಲ್ ಬಂದಾಗ ಚಪ್ಪಾಳೆಯಂತೆ. ಆಮೇಲೆ ನಮ್ಮ ಮನೆ ಬಂತು. ಎಲ್ಲ ನಗಾಡಿದ್ರಂತೆ. ಇವನೂ ನಗಾಡಿದನಂತೆ.”

“ಮತ್ತೆ?”

“ಮತ್ತೆ ಎಂತ? ‘ಉಪ್ಪಾ, ಮೇಲಿನ ಕೋಣೆ ಬೇಡ, ಕಂಬಿ ಕಡಿಸಿಬಿಡಿ’ ಅಂದ. ಅವನ ಮಗಳ ಮದುವೆಗೆ ಮೊದಲು ಆಗ್ಬೇಕಾದ ಕೋಣೆ ಅದು ಭಟ್ರೇ. ಹುಡುಗನ ಕಡೆಯವರು ಬರುವಾಗ ಆ ಕಂಬಿ ಕಂಡ್ರೆ ಎಂತ ನೆನಪಾಗ್ತದೋ ಅಂತ ಅವನಿಗೆ ಈಗ ಹೆದರಿಕೆ.”

ಚಹಾ ಬಂತು. ಕುಡಿದೆ. ಗೇಟಿನವರೆಗೂ ಬಂದು ಬೀಳ್ಕೊಟ್ಟರು. ಮರುದಿನ ಹೋಟೆಲಿಗೆ ಬರುವ ಮಾತು ಮಾತ್ರ ಅವರ ಬಾಯಿಯಿಂದ ಬರಲಿಲ್ಲ.

ಅಲ್ಲಿಂದ ನೇರವಾಗಿ ಕಂಕನಾಡಿಗೆ ಹೋದೆ. ಈ ಸಲ ಪಫ್ಸ್ ಮುಟ್ಟಲಿಲ್ಲ.

“ಆ ಮನೆಯನ್ನು ನಾನು ಹೇಳಿದ್ದು ಧನುವಿಗೆ” ಎಂದೆ.

“ಹೀರೋಗೆ ಅರ್ಧಂಬರ್ಧ ಮನೆ ಕೊಟ್ರೆ ಆಡುವವರಿಗೆ ಖುಷಿ ಇರುದಿಲ್ಲ ಮಾವ” ಎಂದಳು ಪ್ರಣತಿ. “ಸ್ವಿಮ್ಮಿಂಗ್ ಪೂಲ್ ಎಲ್ಲಿಂದ ಬಂತು ಅಂತ ಯಾರೂ ಕೇಳುದೂ ಇಲ್ಲ.”

“ಹಾಜಿಯದು ಎಲ್ಲಿಂದ ಬಂತೆಂದು ನೀವು ಕೇಳಿದ್ದೀರಲ್ಲ?”

“ಅದು... ವಿಲನ್ ಅಲ್ವಾ?”

“ಅವನು ವಿಲನ್ ಎಂದು ಹೇಗೆ ಗೊತ್ತಾಯಿತು?”

ಈ ಸಲ ಆ ಮೂವರಲ್ಲಿ ಯಾರೂ ನಗಲಿಲ್ಲ. ಪ್ರಣತಿ, “ಬೇಜಾರ್ ಮಾಡ್ಬೇಡಿ ಮಾವ. ಮುಂದಿನ ಅಪ್‌ಡೇಟಲ್ಲಿ ನಿಮ್ಮ ಹೆಸರು ತೆಗೀತೇವೆ. ಮನೆ ತೆಗಿಲಿಕ್ಕೆ ಆಗುದಿಲ್ಲ, ಅದು ಮೇನ್ ಮಿಷನ್” ಎಂದಳು.

ಗಮನಿಸಿ. ಯಾವ ಅನ್ಯಾಯವನ್ನು ಸರಿಪಡಿಸಿ ಎಂದು ಕೇಳಲು ನಾನು ಮೆಟ್ಟಿಲು ಹತ್ತಿದ್ದೆನೋ, ಅದು ಸರಿಹೋಗುವುದಿತ್ತು. ಹೆಸರು ಹೋದರೆ ನಾನು ಪಾರು. ಹಸನಬ್ಬರ ಮನೆ ಅಲ್ಲೇ ಉಳಿಯುತ್ತದೆ. ದಿನಾ ಯಾರೋ ಗೇಟು ಹಾರುತ್ತಾರೆ, ದಿನಾ ಟ್ಯಾಂಕ್ ಒಡೆಯುತ್ತಾರೆ. “ನನ್ನ ಹೆಸರು ಮುಟ್ಟಬೇಡಿ. ಆ ಮನೆ ಹೋಗುವವರೆಗೆ ಅದೂ ಅಲ್ಲೇ ಇರಲಿ. ಕೇಳುವವರಿಗೆ ನಾನು ಉತ್ತರ ಹೇಳುತ್ತೇನೆ” ಎಂದು ಹೇಳಿ ಇಳಿದು ಬಂದೆ.

ಮಕ್ಕಳನ್ನು ಮಾತ್ರ ದೂರಿ ಏನು ಪ್ರಯೋಜನ? ಇದನ್ನು ಅವರು ಕಲಿತದ್ದು ಯಾರಿಂದ? ಈ ಊರಿನಲ್ಲಿ ರಾತ್ರಿ ಬೆಳಗಾಗುವುದರೊಳಗೆ ಎದ್ದ ಬಂಗಲೆಗಳ ಗೃಹಪ್ರವೇಶಕ್ಕೆ ನಾವೆಲ್ಲ ಹೋಗಿದ್ದೇವೆ. ಊಟ ಮಾಡಿ, ಈಜುಕೊಳದ ಬದಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಪಾಯಸ ಹೊಗಳಿ ಬಂದಿದ್ದೇವೆ. ಯಾರೂ ಏನೂ ಕೇಳಿಲ್ಲ. ಒಬ್ಬ ಮನುಷ್ಯ ಹೊರದೇಶದ ಬಿಸಿಲಿನಲ್ಲಿ ಬೆಂದು, ರಜೆಗೊಂದರಂತೆ ಕೋಣೆ ಕಟ್ಟಿದರೆ ಮಾತ್ರ ಬಸ್‌ ಸ್ಟಾಪಿನಲ್ಲಿ ನಿಂತವನೂ ತಲೆ ಎತ್ತಿ, “ಇವನಿಗೆ ಎಲ್ಲಿಂದ ಬಂತು?” ಎನ್ನುತ್ತಾನೆ. ಉತ್ತರ ಕಣ್ಣೆದುರಿಗೆ, ಟೆರೇಸಿನ ಮೇಲೆ ನಿಂತಿದ್ದರೂ!

ಮುಂದಿನ ತಿಂಗಳು ಸಲೀಂ ರಜೆಗೆ ಬರುತ್ತಾನೆ. ಕಂಬಿ ಕಡಿಯಲು ಹಸನಬ್ಬ ವೆಲ್ಡಿಂಗಿನವನಿಗೆ ಹೇಳಿಟ್ಟಿದ್ದಾರೆ. ಇನ್ನೂ ಕಡಿಸಿಲ್ಲ.

ಆದ್ದರಿಂದ ಪ್ರಣತಿ, ನಿನ್ನನ್ನೂ ನಿನ್ನ ಮೂವರು ಗೆಳೆಯರನ್ನೂ ಇಲ್ಲಿ, ಎಲ್ಲರ ಎದುರಿನಲ್ಲಿ ಕೇಳುತ್ತಿದ್ದೇನೆ: ನಿಮ್ಮ ಧನುವಿನ ಈಜುಕೊಳಕ್ಕೆ ಬೇಡವಾದ ಲೆಕ್ಕ, ದಮ್ಮಾಮಿನಲ್ಲಿ ದುಡಿಯುವ ಸಲೀಮನ ಒಂದು ಕೋಣೆಗೆ ಏಕೆ ಬೇಕಾಯಿತು?