ಹುಲ್ಲುಹಾಸಿಗೆ ಬಂದ ಕರುಗಲ್ಲು

೨೦೨೪ನೆಯ ಇಸವಿ ಮೇ ೧೧, ಶನಿವಾರ. ಅಂದು ಬೆಳಿಗ್ಗೆ ಭದ್ರಾ ಹಿನ್ನೀರಿನ ದಡದ 'ಜಲಸಿರಿ' ವಿಹಾರಧಾಮದವರು ಕೆಸರಿಗೆ ಜೆಸಿಬಿ ಇಳಿಸಿ, ಮುಳುಗಡೆಯಾದ ಕಣಗಲಕೊಪ್ಪದ ಕರುಗಲ್ಲನ್ನು ಬುಡಸಮೇತ ಕಿತ್ತು ತಂದು ತಮ್ಮ ಹುಲ್ಲುಹಾಸಿನ ನಡುವೆ ನಿಲ್ಲಿಸಿಕೊಂಡರು. ಯಾರನ್ನೂ ಕೇಳಲಿಲ್ಲ. ಸಾಲದ್ದಕ್ಕೆ ಪಕ್ಕದಲ್ಲಿ 'ಪ್ರಾಚೀನ ಶಿವಲಿಂಗ' ಎಂಬ ಫಲಕವನ್ನೂ ನೆಟ್ಟರು. ಕಲ್ಲು ಕಿತ್ತದ್ದು ಅನ್ಯಾಯ; ಫಲಕದಲ್ಲಿ ಬರೆದದ್ದು ಸುಳ್ಳು.

ಕರುಗಲ್ಲು ಲಿಂಗವಲ್ಲ. ಊರು ಕಟ್ಟುವಾಗ ಎಲ್ಲಕ್ಕಿಂತ ಮೊದಲು ನೆಡುವ ಗುಂಡುತಲೆಯ ಕಲ್ಲು ಅದು. ಮುಂಗಾರಿಗೆ ಮೊದಲು ಅದಕ್ಕೆ ನೀರೆರೆದು, ಊರ ದನಗಳನ್ನೆಲ್ಲ ಅದರ ಪಕ್ಕದಲ್ಲಿ ಹಾಯಿಸಿ, ಅದೇ ನೀರನ್ನು ಬೇವಿನ ಸೊಪ್ಪಿನಿಂದ ಅವುಗಳ ಮೇಲೆ ಚಿಮುಕಿಸಿದರೆ ಕೊಟ್ಟಿಗೆಗೆ ಕೇಡಿಲ್ಲವೆಂಬುದು ನಂಬಿಕೆ. ಈ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡಬಲ್ಲವರು ಹೊಸ ಕಣಗಲಕೊಪ್ಪದ ಹಿಟ್ಟಿನ ಗಿರಣಿಯ ತಿಪ್ಪಮ್ಮನವರು. ಏಕೆಂದರೆ ಆ ಕಲ್ಲನ್ನು ಮುಳುಗಡೆಯ ನೆಲದಲ್ಲಿ ಬಿಟ್ಟುಬಂದವರು ಅವರ ತಾತ.

ಬಿಟ್ಟದ್ದು ಮರೆವಿನಿಂದಲ್ಲ. ಹೊಳೆ ಎಷ್ಟೇ ಉಕ್ಕಿದರೂ ಕರುಗಲ್ಲನ್ನು ದಾಟಿದ ನೆನಪು ಊರಿನಲ್ಲಿ ಯಾರಿಗೂ ಇರಲಿಲ್ಲ. ಅಣೆಕಟ್ಟು ಏಳುತ್ತಿದ್ದಾಗ ಎಂಜಿನಿಯರುಗಳು ಬಂದು, ನೀರು ನಿಲ್ಲುವ ಮಟ್ಟಕ್ಕೆ ಮರಗಳಿಗೆ ಬಿಳಿ ಬಣ್ಣ ಬಳಿದು ಹೋದರು. ತಾತ ನಕ್ಕುಬಿಟ್ಟರಂತೆ.

"ಬಣ್ಣ ಬಳ್ದೋರು ಕಲ್ಲನ್ನ ಒಂದ್ ಮಾತು ಕೇಳಿದ್ರೇನಪ್ಪಾ? ಅದನ್ನ ದಾಟಿ ನೀರು ಬರಾಕಿಲ್ಲ."

ದೇವರನ್ನೂ ಒರಳನ್ನೂ ಗಾಡಿಗೇರಿಸಿದ ಊರು, ನೀರನ್ನು ತಡೆಯಲೆಂದು ಕರುಗಲ್ಲನ್ನು ಅಲ್ಲಿಯೇ ಕಾವಲಿಗೆ ನಿಲ್ಲಿಸಿ ಹೊರಟಿತು. ನೀರು ಬಂದೇ ಬಂತು. ಅದೂ ಕಲ್ಲನ್ನು ಕೇಳಲಿಲ್ಲ. ಅಜ್ಜಿಯ ಮಡಿಲಲ್ಲಿ ಕುಳಿತು ಗಾಡಿಯಲ್ಲಿ ಬಂದ ತಿಪ್ಪಮ್ಮನವರಿಗೆ ಆಗಿನ್ನೂ ಮಾತು ಬರುತ್ತಿರಲಿಲ್ಲ. ಆ ಕೊರತೆಯನ್ನು ಅವರು ಮುಂದೆ ಬಡ್ಡಿಸಮೇತ ತೀರಿಸಿಕೊಂಡರು.

ಹಾಗೆಂದು ಅವರು ಅಣೆಕಟ್ಟನ್ನು ಶಪಿಸುತ್ತ ಕುಳಿತವರಲ್ಲ. ಪತಿ ಪುಟ್ಟಯ್ಯನವರು ನಾಲೆಯ ನೀರುಗಂಟಿಯಾಗಿದ್ದವರು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ. ನಾಲೆಯಿಂದ ಭತ್ತ ಬಂತು. ವಿದ್ಯುತ್ತು ತಡವಾಗಿಯಾದರೂ ಬಂತು. ಬಂದ ವರ್ಷವೇ ತಿಪ್ಪಮ್ಮನವರು ತರೀಕೆರೆಯಿಂದ ಹಳೆಯ ಮೋಟಾರೊಂದನ್ನು ತಂದು ಗಿರಣಿ ಹೂಡಿದರು. ಅಜ್ಜಂಪುರದ ಕಡೆಗೆ ಕೊಟ್ಟ ತಂಗಿ ದ್ಯಾಮಮ್ಮ, ಕೊಳವೆಬಾವಿ ಬತ್ತಿದಾಗಲೆಲ್ಲ, "ನಿಮ್ ಡ್ಯಾಮಿನ ನೀರು ನಮ್ ಕಡೀಗೂ ಬಂದ್ಬಿಟ್ರೆ ಸಾಕು ಕಣಕ್ಕಾ" ಎನ್ನುತ್ತಾರೆ.

"ಬರ್ಲಿ ಬಿಡೇ, ಕುಡೀರಿ. ನಮ್ಮೂರ ತಲೆ ಮ್ಯಾಲೆ ಹಾದು ಬಂದಿದ್ದು ಅಂತ ಗ್ಯಾಪ್ನ ಇಟ್ಕಂಡು ಕುಡೀರಿ."

ಕರೆಂಟು ಹೋದಾಗ ಮಾತ್ರ, ಹಿಟ್ಟಿನ ಡಬ್ಬ ಹಿಡಿದು ಕಾದವರಿಗೆಲ್ಲ ಕೇಳುವಂತೆ ಲೈನ್‌ಮನ್‌ಗೆ ಫೋನು ಹೋಗುತ್ತದೆ: "ಏನಪ್ಪಾ, ಈ ಕರೆಂಟಿಗೋಸ್ಕರ ಊರು ಮುಳುಗಿಸ್ಕಂಡೋರು ನಾವು. ಮೊದ್ಲು ನಮಗೆ ಬಿಡ್ರೋ!"

ಮನೆಗೆ ಮನೆ, ಗದ್ದೆಗೆ ಗದ್ದೆ ಸಿಕ್ಕಿದ್ದು ನಿಜ. ಸಿಗದೇ ಹೋದದ್ದು ಕರುಗಲ್ಲು. ಹಳೆಯದು ನೀರಿನಡಿಯಲ್ಲಿ ನಿಂತಿರುವಾಗ ಹೊಸದನ್ನು ನೆಡುವುದು ಸಲ್ಲದೆಂದು ಹಿರಿಯರು ಪಟ್ಟುಹಿಡಿದರು. ಹೀಗಾಗಿ ಬೇಸಗೆಯಲ್ಲಿ ನೀರು ಇಳಿದು ಕಲ್ಲಿನ ತಲೆ ಕಂಡೊಡನೆ ತಿಪ್ಪಮ್ಮನವರು ಬಿಂದಿಗೆ ಹೊತ್ತು ಕೆಸರಿಗಿಳಿಯುತ್ತಿದ್ದರು. ದನಗಳು ಅಲ್ಲಿ ಹೂತುಹೋಗುತ್ತವೆಂದು, ಕಲ್ಲಿನ ಮೇಲೆ ಎರೆದ ನೀರನ್ನೇ ಹಿಡಿದು ಕೊಟ್ಟಿಗೆಗಳಿಗೆ ತರುತ್ತಿದ್ದರು.

"ವರ್ಷವೆಲ್ಲಾ ನೀರಾಗೇ ಇದ್ದಿದ್ದಕ್ಕೆ ಮತ್ತೆ ನೀರು ಹುಯ್ತೀಯಲ್ಲೇ, ನೆಗಡಿ ಆದಾತು ಕಣೇ ಅದಕ್ಕೆ!" ಎಂದು ಪುಟ್ಟಯ್ಯನವರು ಛೇಡಿಸುವರು.

"ಮುಳುಗಿದ್ದು ಬೇರೆ, ಎರೆದದ್ದು ಬೇರೆ ಕಣ್ರೀ" ಎಂದು ಇವರು ಉತ್ತರಿಸುವರು.

ಆ ಮೇ ತಿಂಗಳಲ್ಲಿ ಬಿಂದಿಗೆಯೊಡನೆ ಹೋದವರಿಗೆ ಕಂಡದ್ದು ಒಂದು ಗುಂಡಿ. ಜೆಸಿಬಿಯ ಗಾಲಿಗುರುತು ಹಿಡಿದು ನಡೆದರೆ, ಅದು ನೇರ ಜಲಸಿರಿಯ ಹುಲ್ಲುಹಾಸಿಗೆ ಮುಟ್ಟಿಸಿತು. ಅಲ್ಲಿನ ವ್ಯವಸ್ಥಾಪಕ ವಿಶ್ರುತ್ ವಿನಯವಂತರು.

"ಹೆರಿಟೇಜ್ ಉಳೀಲಿ ಅಂತ ತಂದಿಟ್ವಿ ಅಮ್ಮಾ. ನೀರಲ್ಲಿ ಹಾಳಾಗ್ತಿತ್ತಲ್ವಾ?"

"ನಮ್ಮೂರೂ ನೀರಾಗೇ ಹಾಳಾಯ್ತು. ಅದನ್ನೂ ಎತ್ತಿ ತಂದಿಡಪ್ಪಾ."

"ಪರಿಹಾರ ಆಗ್ಲೇ ಕೊಟ್ಟಾಗಿದೆಯಲ್ಲಮ್ಮಾ. ಮುಳುಗಿದ ಮೇಲೆ ಅದು ನಿಮ್ಮದಲ್ಲ."

"ಹಂಗಾರೆ ನಿಮ್ದು ಹೆಂಗಾಯ್ತು?"

ವಿಶ್ರುತ್ ಮಾತು ತಿರುಗಿಸಿದರು. "ಬೇಕಾದ್ರೆ ಇಲ್ಲೇ ಬಂದು ಪೂಜೆ ಮಾಡ್ಕೊಳ್ಳಿ. ನಿಮ್ಮ ಸಂಪ್ರದಾಯ ಹೇಗಿದೆಯೋ ಹಾಗೇ ಮಾಡಿ, ಯಾರೂ ಬೇಡ ಅನ್ನಲ್ಲ" ಎಂದರು.

ಈ ಮಾತನ್ನು ಅವರು ಆಡಬಾರದಿತ್ತು.

ಮುಂದಿನ ಸೋಮವಾರ, ಎತ್ತುಗಳಿಗೆ ನೊಗ ಹೂಡದ ದಿನ, ಊರಿನ ಸಮಸ್ತ ದನಕರುಗಳೂ ಜಲಸಿರಿಯ ಗೇಟಿನೊಳಗೆ ನಡೆದವು. ಮುಂದೆ ಬಿಂದಿಗೆ ಹೊತ್ತ ತಿಪ್ಪಮ್ಮನವರು, ಹಿಂದೆ ಬೇವಿನ ಸೊಪ್ಪು ಹಿಡಿದ ಊರು. ಹುಲ್ಲುಹಾಸು ಬಹುಬೇಗ ಮುಗಿಯಿತು. ಹೂಗಿಡಗಳಿಗೆ ಕೈ ಹಾಕಿದ್ದು, ಅಂದರೆ ಬಾಯಿ ಹಾಕಿದ್ದು, ಆಮೇಲೆ. ಒಂದು ಎಮ್ಮೆ ಈಜುಕೊಳವನ್ನು ಕಂಡು ಸಾವಧಾನವಾಗಿ ಇಳಿದು, ಕೊರಳವರೆಗೆ ಮುಳುಗಿ, ಕಣ್ಣು ಮುಚ್ಚಿತು.

"ರೀ, ನಿಮ್ಮ ಎಮ್ಮೆ ಎಬ್ಬಿಸ್ರೀ!" ವಿಶ್ರುತ್ ಕೂಗಿಕೊಂಡರು.

ಪುಟ್ಟಯ್ಯನವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಮುಳುಗಿದ್ ಮ್ಯಾಲೆ ಅದು ನಮ್ದಲ್ವಂತಲ್ಲ ಸ್ವಾಮಿ. ನೀವೇ ಎಬ್ಬಿಸ್ಕಳಿ."

ಊರೆಲ್ಲ ಗೊಳ್ಳೆಂದು ನಕ್ಕಿತು. ಆ ನಗೆಯಲ್ಲಿ ತಿಪ್ಪಮ್ಮನವರು ಸೇರಲಿಲ್ಲ. ಕರುಗಲ್ಲಿನ ಪಕ್ಕದಲ್ಲಿ ದನಗಳು ಒಂದೊಂದಾಗಿ ಹಾಯುವುದನ್ನು, ಅಜ್ಜಿಯ ಬಾಯಿಂದ ಕೇಳಿದ್ದನ್ನು, ಅವರು ಕಣ್ಣಾರೆ ಕಂಡದ್ದು ಅದೇ ಮೊದಲು. ಬಿಂದಿಗೆ ಬರಿದಾದರೂ ಕಲ್ಲಿನ ತಲೆಯಿಂದ ಕೈ ತೆಗೆಯಲಿಲ್ಲ.

"ತಾತ ಇದನ್ನ ಕಾವ್ಲಿಗೆ ಬಿಟ್ಟಿತ್ತು" ಎಂದರು. "ಕಾದಿದ್ದು ಸಾಕು. ಇನ್ ಮನೀಗೆ ಬರ್ಲಿ."

ಮೇಲಿನವರನ್ನು ಕೇಳಿ ಹೇಳುವುದಾಗಿ ವಿಶ್ರುತ್ ಮಾತು ಕೊಟ್ಟರು. ಮರುದಿನವೇ ಗೇಟಿನಲ್ಲಿ 'ಜಾನುವಾರುಗಳಿಗೆ ಪ್ರವೇಶವಿಲ್ಲ' ಎಂಬ ಫಲಕ ಎದ್ದಿತು. ಮೇಲಿನವರ ಉತ್ತರ ಈವರೆಗೂ ಬಂದಿಲ್ಲ. ಹೊಸ ಕಣಗಲಕೊಪ್ಪದ ಊರಬಾಗಿಲಲ್ಲಿ ಕಲ್ಲಿಗಾಗಿ ತೋಡಿದ ಗುಂಡಿ ಹಾಗೆಯೇ ಇದೆ. ಮಳೆಗೆ ಮಣ್ಣು ತುಂಬಿದಾಗಲೆಲ್ಲ ತಿಪ್ಪಮ್ಮನವರು ಅದನ್ನು ಮತ್ತೆ ತೋಡಿಸುತ್ತಾರೆ.

ಜಲಸಿರಿಯ ಮಾಲೀಕರೇ, ಅವರಿಗೆ ಆ ದಡವನ್ನು ಗುತ್ತಿಗೆಗೆ ಬರೆದುಕೊಟ್ಟ ಮಹನೀಯರೇ, ಕಣಗಲಕೊಪ್ಪದವರು ಅಣೆಕಟ್ಟನ್ನು ಒಡೆಯಿರಿ ಎಂದು ಕೇಳುತ್ತಿಲ್ಲ. ನಾಲೆಯ ಅನ್ನ ಉಂಡವರು ಅಂಥ ಮಾತು ಆಡಲಾರರು. ನಾಡಿಗೆ ಬೆಳಕು ಬೇಕೆಂದಾಗ ಅವರು ಊರನ್ನೇ ಕೊಟ್ಟರು. ಕಲ್ಲನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಕಿತ್ತ ಜೆಸಿಬಿಯಲ್ಲಿಯೇ, ನಿಮ್ಮದೇ ಖರ್ಚಿನಲ್ಲಿ, ಬರುವ ಮುಂಗಾರಿಗೆ ಮೊದಲು ಅದನ್ನು ತಂದು ತಿಪ್ಪಮ್ಮನವರು ತೋಡಿಸಿದ ಗುಂಡಿಯಲ್ಲಿ ನಿಲ್ಲಿಸಿ. ಫಲಕವನ್ನು ಬೇಕಾದರೆ ನೀವೇ ಇಟ್ಟುಕೊಳ್ಳಿ.