ಅವ್ವ ಕೂಗಿದಾಗ ಬೆದರಿದ ಚಿಗರಿ

"ಹೋಯ್, ಹೋಯ್" ಎಂದು ಅವ್ವ ಕೈಯೆತ್ತಿ ಕೂಗಿದ್ದಕ್ಕೆ ಬಳ್ಳಾರಿಯ ಮೃಗಾಲಯದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎಂಬತ್ತರ ದಶಕದ ಮಾತು. ಸಿರುಗುಪ್ಪದ ಹತ್ತಿರ ನಮ್ಮ ಜೋಳದ ಹೊಲಕ್ಕೆ ನುಗ್ಗುವ ಕೃಷ್ಣಮೃಗಗಳ, ನಮ್ಮ ಕಡೆಯ ಮಾತಿನಲ್ಲಿ ಚಿಗರಿಗಳ, ಹಿಂಡನ್ನು ಓಡಿಸಿ ಓಡಿಸಿ ಅವಳಿಗೆ ಅದೇ ರೂಢಿಯಾಗಿತ್ತು. ತಂತಿ ಬೇಲಿಯೊಳಗೆ ಒಂದು ಚಿಗರಿ ಕಂಡದ್ದೇ ತಡ, ಕೂಗು ತಾನಾಗಿಯೇ ಬಂದಿತ್ತು. ಜನ ನಕ್ಕರು. ಚಿಗರಿ ಬೆದರಿ ನೆಗೆದು, ಎದುರಿನ ತಂತಿಗೆ ಬಡಿದು, ತಿರುಗಿ ನಮ್ಮ ಕಡೆಗೇ ಓಡಿ ಬಂತು.

ಅವ್ವ ಕೈ ಇಳಿಸಿದಳು. "ಓಡಾಕ ಜಾಗಾನ ಇಲ್ಲಲ್ಲೋ ಇದಕ್ಕ" ಎಂದಳು. ಚಿರತೆ ನೋಡಲು ಕರೆದರೆ ಬರಲಿಲ್ಲ.

ಮರುವಾರ ಹೊಲಕ್ಕೆ ಹಿಂಡು ನುಗ್ಗಿದಾಗ ಅವ್ವ ಎಂದಿನಂತೆಯೇ ಕೂಗಿ ಓಡಿಸಿದಳು. ಕೂಗಿದ ಮರುಕ್ಷಣ ಕಳೆ ಕೀಳಲು ಬಾಗುತ್ತಿದ್ದವಳು, ಅಂದು ಕೊನೆಯ ಚಿಗರಿ ಕಣ್ಮರೆಯಾಗುವವರೆಗೂ ನೋಡುತ್ತ ನಿಂತಳು.